ಉಳಿದದ್ದು ನಿನ್ನ ರಿವ್ಯೂ ಒಂದೇ

ಭಾನುವಾರ, ಜೂನ್ ೧೪
ಬೆಳಿಗ್ಗೆ, ಅಡುಗೆಮನೆಯ ಮೇಜಿನಿಂದ

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಹೇಳಿಬಿಡುತ್ತೇನೆ: ಅದನ್ನು ಬರೆದದ್ದು ನೀನೇ ಅಂತ ನನಗೆ ಗೊತ್ತು.

ಫೋನಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿ ಒಂದು ವರ್ಷವಾಯಿತು. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿದು ಹಾಕು. ನನ್ನ ಇಡೀ ಪುಸ್ತಕವನ್ನೇ ಓದಿ ಮುಗಿಸಿದವಳಿಗೆ ನಾಲ್ಕು ಹಾಳೆ ಯಾವ ಲೆಕ್ಕ?

ಮಾರ್ಚ್ ತಿಂಗಳಲ್ಲಿ ನನ್ನ ಇ-ಪುಸ್ತಕದ ಕೆಳಗೆ ‘ಒಬ್ಬ ಗ್ರಾಹಕರು’ ಎಂಬ ಹೆಸರಿನಲ್ಲಿ ಒಂದು ರಿವ್ಯೂ ಬಂತು. ಒಂದು ಸ್ಟಾರ್. ಬರೆದವಳಿಗೇ ಅದನ್ನು ಮತ್ತೆ ಬರೆದು ತೋರಿಸುವುದು ತಮಾಷೆಯೇ, ಆದರೆ ನನಗೆ ಬಾಯಿಪಾಠವಾಗಿಬಿಟ್ಟಿದೆ. ‘ಸ್ವಾಧೀನವಿಲ್ಲದ ಕಡೆಯ ತೋಳು ಹಿಡಿದು ಎಳೆದರೆ ಭುಜ ಜಾರುತ್ತದೆ. ಮೊದಲು ಮಂಡಿ ಮಡಿಸಿ, ಸೊಂಟಕ್ಕೆ ಕೈ ಕೊಟ್ಟು ಹೊರಳಿಸಬೇಕು. ಕಿಟಕಿ ತೆರೆಯುವ ಹಾಗೆಯೇ ಇರಲಿಲ್ಲ, ಅಮ್ಮನಿಗೆ ಬೆಳಕು ಚುಚ್ಚುತ್ತಿತ್ತು. ಕೊನೆಯ ಪುಟದಲ್ಲಿ ಕೈ ಹಿಡಿದು ಕೂತವಳು ಆ ದಿನ ಊರಲ್ಲೇ ಇರಲಿಲ್ಲ.’

ಬೇರೆ ಯಾರಾದರೂ ಆಗಿದ್ದರೆ ‘ತಾಯಿಯ ಪಾತ್ರ’ ಎಂದು ಬರೆಯುತ್ತಿದ್ದರು. ನೀನು ಅಮ್ಮ ಅಂದೆ. ಆ ಕಿಟಕಿಗೆ ಹಳೆಯ ಬೆಡ್‌ಶೀಟ್ ಹಾಕಿ, ನಿನ್ನ ಹೊಲಿಗೆಯ ಪಿನ್ನುಗಳನ್ನು ಸುತ್ತಲೂ ಚುಚ್ಚಿದ್ದೆಯಲ್ಲ, ನಿಜ ಹೇಳಬೇಕೆಂದರೆ ಅದು ನನಗೆ ಮರೆತೇ ಹೋಗಿತ್ತು. ಸಂಜೆ ನಾಲ್ಕಕ್ಕೆ ಕಿಟಕಿ ತೆರೆದು ಮಗಳು ಅಮ್ಮನಿಗೆ ಬೀದಿ ತೋರಿಸುವ ಪುಟ ಚೆನ್ನಾಗಿ ಬಂದಿದೆ ಅಂತ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ನಿನ್ನ ರಿವ್ಯೂ ಓದಿ ಮೈಯೆಲ್ಲ ಉರಿದುಹೋಯಿತು. ಬೈಯುವುದಿದ್ದರೆ ಮನೆಗೆ ಬಂದು ಬೈಯಬಹುದಿತ್ತು. ನನ್ನ ತಟ್ಟೆಗೆ ನೀನು ಮಣ್ಣು ಹಾಕಿದೆ, ಅದೂ ನಾಲ್ಕು ಜನರ ಎದುರು. ನಾಲ್ಕು ಜನರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಪುಸ್ತಕ ಮಾರುವುದು ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ. ನೀನು ಅಂಗಿ ಹೊಲಿದುಕೊಟ್ಟರೆ ಬೇಕಾದವರು ಬಂದು ತೆಗೆದುಕೊಂಡು ಹೋಗುತ್ತಾರೆ. ನಾನು ಬರೆದದ್ದು ಯಾರಿಗೂ ಬೇಕಾಗಿರಲಿಲ್ಲ. ಪ್ರಕಾಶಕರು ಬೇಡ ಎನ್ನುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ಸುಮ್ಮನಿದ್ದರು. ಗೊತ್ತಿದ್ದವರು, ಇ-ಪುಸ್ತಕ ಮಾಡಿಬಿಡು, ಯಾರ ಹಂಗೂ ಇಲ್ಲ, ಒಂದು ಬಟನ್ ಒತ್ತಿದರೆ ಜಗತ್ತಿಗೆಲ್ಲ ಸಿಗುತ್ತದೆ ಅಂದರು. ಒತ್ತಿದೆ. ಜಗತ್ತಿಗೆಲ್ಲ ಸಿಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ಏನೇನು ಮಾಡಿದೆ ಗೊತ್ತೇನು? ನಮ್ಮ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕೈಗೆ ಒಂದು ಕಾರ್ಡ್ ಕೊಟ್ಟು ಓದಿಸುತ್ತೇವಲ್ಲ, ಮೇಲೆ ದೊಡ್ಡ ಅಕ್ಷರ, ಕೆಳಕ್ಕೆ ಹೋದ ಹಾಗೆ ಸಣ್ಣದು. ಆ ಕಾರ್ಡಿನಲ್ಲಿ ನನ್ನ ಪುಸ್ತಕದ ಮೊದಲ ಪ್ಯಾರಾ ಅಚ್ಚು ಹಾಕಿಸಿದೆ. ಎಲ್ಲಿ ಸಿಗುತ್ತದೆ ಅನ್ನುವುದು ಕಟ್ಟಕಡೆಯ ಸಾಲಿನಲ್ಲಿತ್ತು. ಆ ಸಾಲು ಓದಲು ಆಗುವವರಿಗೆ ಕನ್ನಡಕ ಬೇಕಾಗಿರಲಿಲ್ಲ, ಎದ್ದು ಹೋಗುತ್ತಿದ್ದರು. ಕನ್ನಡಕ ಬೇಕಾದವರಿಗೆ ಆ ಸಾಲು ಕಾಣುತ್ತಿರಲಿಲ್ಲ. ಒಬ್ಬರು ನಿವೃತ್ತ ಮೇಷ್ಟ್ರು ಗಟ್ಟಿಯಾಗಿ ಓದಿ, ಅಕ್ಷರ ಏನೋ ಕಾಣ್ತಿದೆಯಮ್ಮಾ, ಆದ್ರೆ ಇದು ಯಾಕೋ ತುಂಬಾ ಅಳಿಸೋಕೆ ನೋಡ್ತಿದೆ, ಬೇರೆ ಕಾರ್ಡ್ ಇಲ್ವಾ ಅಂತ ಕೇಳಿದರು. ಅಂಗಡಿಯ ಯಜಮಾನರು ಪರದೆಯ ಹಿಂದೆಯೇ ನಿಂತಿದ್ದರು. ಏನಮ್ಮಾ, ಇದು ಕಣ್ಣಿನ ಅಂಗಡೀನೋ ನಿನ್ನ ಪುಸ್ತಕದ ಅಂಗಡೀನೋ ಅಂತ ಎಲ್ಲರ ಮುಂದೆ ಕೇಳಿದರು. ಹಳೆಯ ಕಾರ್ಡನ್ನು ಮತ್ತೆ ಹೊರತೆಗೆದೆ.

ಐದು ದಿನ ಬಿಟ್ಟಿಯಾಗಿ ಕೊಟ್ಟು ನೋಡಿದೆ. ಮುನ್ನೂರು ಚಿಲ್ಲರೆ ಜನ ಇಳಿಸಿಕೊಂಡರು. ನಾನು ನೆಲದ ಮೇಲೆ ನಿಲ್ಲಲಿಲ್ಲ, ಮನೆಯವರಿಗೆ ಎರಡು ಸಲ ಸಿಹಿ ತಂದುಕೊಟ್ಟೆ. ಎಷ್ಟು ಜನ ಎಷ್ಟು ಪುಟ ಓದಿದರು ಅನ್ನುವ ಪಟ್ಟಿಯನ್ನು ಇ-ಪುಸ್ತಕ ಮಾರುವ ಕಂಪನಿಯವರು ಕಳಿಸುತ್ತಾರೆ. ಆ ಮುನ್ನೂರರಲ್ಲಿ ಪುಸ್ತಕವನ್ನು ತೆರೆದವರು ಒಂಬತ್ತು ಜನ, ಹತ್ತನೇ ಪುಟ ದಾಟಿದವರು ಇಬ್ಬರು. ಆಮೇಲೆ ಬರೆಯುವವರದೇ ಒಂದು ಗುಂಪು ಸೇರಿದೆ. ನೀವು ನನ್ನದು ಓದಿ, ನಾನು ನಿಮ್ಮದು ಓದುತ್ತೇನೆ ಅನ್ನುವ ಗುಂಪು. ಸಂತೆಗೆ ಬಂದವರೆಲ್ಲ ಮಾರುವವರೇ, ಕೊಳ್ಳುವವನು ಒಬ್ಬನೂ ಇಲ್ಲ. ಒಬ್ಬಾಕೆ ನನ್ನ ಪುಸ್ತಕವನ್ನು ಹಾಡಿ ಹೊಗಳಿ, ಪತ್ತೇದಾರನ ಪಾತ್ರ ಅದ್ಭುತ ಎಂದು ಆ ಗುಂಪಿನಲ್ಲಿ ಬರೆದಿದ್ದಳು. ನನ್ನ ಪುಸ್ತಕದಲ್ಲಿ ಪತ್ತೇದಾರ ಎಲ್ಲಿದ್ದಾನೆ?

ಒಬ್ಬ ಮಾರಾಟದ ಮೇಷ್ಟ್ರು ಸಿಕ್ಕಿದ್ದೂ ಆ ಗುಂಪಿನಲ್ಲೇ. ಇ-ಪುಸ್ತಕ ಓಡಿಸುವುದು ಹೇಗೆ ಅಂತ ಶನಿವಾರ ಶನಿವಾರ ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಿದ್ದರು. ಅಕ್ಕಾ, ಇಲ್ಲಿಂದ ಮುಂದಿನದನ್ನು ಬರೆಯುವುದೋ ಬೇಡವೋ ಅಂತ ಎರಡು ಸಲ ಎದ್ದು ಹೋಗಿ ಬಂದು ಕೂತಿದ್ದೇನೆ.

ಮೊದಲು ನಾನು ಬರೆದು ಮಾರಾಟಕ್ಕಿಟ್ಟಿದ್ದ ಪುಸ್ತಕವೇ ಬೇರೆ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಹಾಸಿಗೆ ಹಿಡಿದ ತಾಯಿಯನ್ನು ಏಳು ವರ್ಷ ನೋಡಿಕೊಳ್ಳುವ ದೊಡ್ಡವಳು, ತಿಂಗಳಿಗೊಮ್ಮೆ ಹಣ್ಣಿನ ಚೀಲ ಹಿಡಿದು ಬರುವ ಚಿಕ್ಕವಳು. ಚಿಕ್ಕವಳಿಗೆ ಅದರಲ್ಲಿ ಒಳ್ಳೆಯ ಹೆಸರೇನೂ ಇರಲಿಲ್ಲ. ಬೇಕಾದರೆ ನಂಬು, ಬಿಟ್ಟರೆ ಬಿಡು. ಮೇಷ್ಟ್ರು ಅದನ್ನು ನೋಡಿ, ಮೇಡಂ, ಹೆಸರಿಲ್ಲದವ್ರ ಕಾದಂಬರಿ ಯಾರೂ ತಗೊಳ್ಳಲ್ಲ, ನಿಜ ಕಥೆ ಅಂತ ಹಾಕಿ ಅಂದರು. ನಿಜ ಕಥೆ ಅಂದ ಮೇಲೆ ನಾನು ನಾನು ಅಂತಲೇ ಹೇಳಬೇಕು ಅಂದರು. ಇಬ್ಬರು ಹೆಣ್ಣುಮಕ್ಕಳು ಇದ್ರೆ ಓದೋರಿಗೆ ಯಾರ ಪರವಾಗಿ ಅಳಬೇಕು ಅನ್ನೋದೇ ಗೊತ್ತಾಗಲ್ಲ, ಒಬ್ಬಳನ್ನ ತೆಗೀರಿ ಅಂದರು.

ತೆಗೆದೆ. ನೀನು ಇದ್ದ ಕಡೆಯೆಲ್ಲ ನನ್ನನ್ನು ಕೂರಿಸಿದೆ. ಯಂತ್ರ ಒಂದೇ ಏಟಿಗೆ ಇನ್ನೂರ ಹದಿನಾಲ್ಕು ಕಡೆ ‘ಅಕ್ಕ’ನನ್ನು ‘ನಾನು’ ಮಾಡಿಕೊಟ್ಟಿತು. ಆದರೆ ಉಳಿದ ವಾಕ್ಯವನ್ನು ಅದು ತಿದ್ದುವುದಿಲ್ಲ. ಮೂರು ವಾರ ಕೂತು ಒಂದೊಂದನ್ನೂ ಕೈಯಾರೆ ತಿದ್ದಿದೆ. ಅಕ್ಕ ಎದ್ದಳು ಅಂತ ಇದ್ದದ್ದನ್ನು ನಾನು ಎದ್ದೆ ಮಾಡಿದೆ. ಅಕ್ಕ ಒರೆಸಿದಳು ಅಂತ ಇದ್ದದ್ದನ್ನು ನಾನು ಒರೆಸಿದೆ ಮಾಡಿದೆ. ಹಾಗಾಗಿ ಗೊತ್ತಿಲ್ಲದೆ ಆಯಿತು ಅಂತ ಹೇಳುವ ದಾರಿಯೂ ನನಗಿಲ್ಲ. ಒಂದೊಂದು ಸಲ ತಿದ್ದುವಾಗಲೂ ಗೊತ್ತಿತ್ತು. ಮೂರನೆಯ ವಾರದ ಹೊತ್ತಿಗೆ ಅದೆಲ್ಲ ನಾನೇ ಮಾಡಿದ್ದೆ ಅಂತ ಅನ್ನಿಸತೊಡಗಿತು, ಅದೇ ನನಗೆ ಈಗ ಹೆದರಿಕೆ ಹುಟ್ಟಿಸುವುದು.

ಮುಖಪುಟಕ್ಕೆ ಅಮ್ಮನ ಫೋಟೋ ಬೇಕಿತ್ತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾವಿಬ್ಬರೂ ಆಚೆ ಈಚೆ ನಿಂತು ತೆಗೆಸಿದ್ದೆವಲ್ಲ, ಇಬ್ಬರಿಗೂ ಒಂದೊಂದು ಪ್ರತಿ ಇದೆಯಲ್ಲ, ಅದೇ. ನನ್ನ ಪ್ರತಿಯನ್ನು ಕತ್ತರಿಯಿಂದ ಕತ್ತರಿಸಿದೆ. ಮುಖಪುಟ ಮಾಡಿಕೊಟ್ಟವನು ಫೋನ್ ಮಾಡಿ, ಅಮ್ಮನವರ ಭುಜದ ಮೇಲೆ ಇನ್ನೊಂದು ಕೈ ಇದ್ಯಲ್ಲಾ ಮೇಡಂ, ಅದ್ಯಾರದು, ತೆಗೀಬೇಕಾ ಅಂತ ಕೇಳಿದ. ಇರಲಿ ಬಿಡಪ್ಪಾ, ಯಾರು ನೋಡ್ತಾರೆ ಅಂದೆ. ಹೆಬ್ಬೆರಳಿನಲ್ಲಿ ಸೂಜಿ ಚುಚ್ಚಿದ ಕಲೆ ಕೂಡ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಪರಿಚಯದವರಿಗೆಲ್ಲ ಒಂದೇ ಮೆಸೇಜು ಕಳಿಸಿದೆ. ನಮಸ್ಕಾರ, ಇದು ನನ್ನ ಮೊದಲ ಇ-ಪುಸ್ತಕ, ದಯವಿಟ್ಟು ಕೊಂಡು ಐದು ಸ್ಟಾರ್ ಕೊಡಿ ಅಂತ. ಅರವತ್ತು ಜನರ ಆ ಪಟ್ಟಿಯಲ್ಲಿ ನೀನೂ ಇದ್ದೆ. ಹಾಲಿನವರಿಗೆ ಹೋದದ್ದೇ ನಿನಗೂ ಹೋಯಿತು. ಅದರ ಕೆಳಗೆ ಪುಸ್ತಕದ ಪರಿಚಯವೂ ಅಂಟಿಕೊಂಡು ಬರುತ್ತದೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಆ ಪರಿಚಯದ ಮೊದಲ ಸಾಲು, ‘ಹಾಸಿಗೆ ಹಿಡಿದ ತಾಯಿ, ಅವಳಿಗಿದ್ದ ಒಬ್ಬಳೇ ಮಗಳು: ಒಂದು ನಿಜ ಕಥೆ.’ ಮಧ್ಯಾಹ್ನದ ಹೊತ್ತಿಗೆ ನೀನು ಬ್ಲಾಕ್ ಮಾಡಿದ್ದೆ.

ನಮ್ಮ ಕಡೆಯವರು ರಿವ್ಯೂ ಹಾಕಿದರು. ಒಟ್ಟು ಹನ್ನೊಂದು, ಎಲ್ಲವೂ ಐದು ಸ್ಟಾರ್. ಚಿಕ್ಕಮ್ಮ ಅಂತೂ ‘ಬಹಳ ಚೆನ್ನಾಗಿದೆ, ಬಿಡುವಾದಾಗ ಓದುತ್ತೇನೆ’ ಎಂದು ಬರೆದಿದ್ದರು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಹನ್ನೊಂದೂ ಇಲ್ಲ. ಲೇಖಕರ ಬಂಧುಗಳು, ಆಪ್ತರು ರಿವ್ಯೂ ಬರೆಯುವ ಹಾಗಿಲ್ಲ, ಆದ್ದರಿಂದ ತೆಗೆದುಹಾಕಿದ್ದೇವೆ ಅಂತ ಕಂಪನಿಯಿಂದ ಕಾಗದ ಬಂದಿತ್ತು. ಯಾರು ಯಾರಿಗೆ ಏನಾಗಬೇಕು ಅಂತ ಅವರ ಯಂತ್ರ ಹೇಗೋ ಪತ್ತೆ ಮಾಡುತ್ತದಂತೆ. ದೂರದ ಸಂಬಂಧದ ಮೈದುನನನ್ನೂ ಬಿಟ್ಟಿಲ್ಲ. ಚಿಕ್ಕಮ್ಮ ಫೋನ್ ಮಾಡಿ, ನನ್ನ ಮಾತನ್ನ ನೀನೇ ಅಳಿಸಿದ್ಯಾ, ಅಷ್ಟು ಬೇಡವಾಗಿ ಹೋದ್ನಾ ಅಂತ ಅತ್ತರು.

ಉಳಿದದ್ದು ನಿನ್ನದೊಂದೇ. ಒಂದು ಸ್ಟಾರ್, ನಾಲ್ಕು ಸಾಲು. ಇಡೀ ಬಳಗದಲ್ಲಿ ನನಗೆ ಏನೂ ಆಗದವಳು ಅಂತ ಆ ಯಂತ್ರ ಲೆಕ್ಕ ಹಾಕಿದ್ದು ನಿನ್ನೊಬ್ಬಳನ್ನು. ಪುಟದ ಪಟ್ಟಿಯಲ್ಲಿ ಕೊನೆಯ ಪುಟದವರೆಗೆ ಓದಿದವರೂ ಒಬ್ಬರೇ ಇದ್ದಾರೆ, ಅದೂ ಮಾರ್ಚ್ ತಿಂಗಳಲ್ಲಿ. ಅದು ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹಣೆಬರಹಕ್ಕೆ ಸಿಕ್ಕಿದ ಒಬ್ಬಳೇ ಓದುವವಳು ನೀನಾಗಬೇಕಿತ್ತೇ?

ಕೊನೆಯ ಪುಟದ ಬಗ್ಗೆ ನೀನು ಬರೆದದ್ದು ಸರಿ. ನಾನು ಇರಲಿಲ್ಲ. ಅಮ್ಮ ತೀರಿಕೊಂಡ ದಿನ ಬರವಣಿಗೆಯ ಶಿಬಿರಕ್ಕೆ ಹೋಗಿದ್ದೆ. ನೀನು ಮೂರು ಸಲ ಫೋನ್ ಮಾಡಿದ್ದೆ, ಫೋನ್ ಚೀಲದಲ್ಲಿತ್ತು. ಬಸ್ಸು ಸಿಗಲಿಲ್ಲ ಅಂತ ಆಮೇಲೆ ನಿನಗೆ ಹೇಳಿದ್ದು ಸುಳ್ಳು. ಅದು ನಿನಗೆ ಆಗಲೇ ಗೊತ್ತಿತ್ತು ಅಂತ ಕಾಣುತ್ತದೆ.

ಹೋದ ಭಾನುವಾರ ನಿನ್ನ ಮನೆಯ ಮೆಟ್ಟಿಲವರೆಗೆ ಬಂದಿದ್ದೆ. ಸುಮ್ನೆ ಹೋಗಿ ತಪ್ಪಾಯ್ತು ಅನ್ನು, ಅಕ್ಕ ತಾನೇ, ನುಂಗಿಬಿಡ್ತಾಳಾ ಅಂತ ನಮ್ಮ ಮನೆಯವರು ಹೇಳಿ ಕಳಿಸಿದ್ದರು. ಒಳಗೆ ನಿನ್ನ ಹೊಲಿಗೆ ಯಂತ್ರ ಓಡುತ್ತಿತ್ತು. ಅದು ನಿಂತ ಮೇಲೆ ಬಾಗಿಲು ತಟ್ಟೋಣ ಅಂದುಕೊಂಡೆ. ನಿಂತಿತು. ನಾನು ಇಳಿದು ಬಂದೆ.

ನನಗೆ ಬೇಕಾದದ್ದು ಇಷ್ಟೇ. ಆ ರಿವ್ಯೂ ತೆಗೆದುಬಿಡು. ಇ-ಪುಸ್ತಕವನ್ನು ಯಾವಾಗ ಬೇಕಾದರೂ ತಿದ್ದಬಹುದು, ನೀನು ತೆಗೆದ ದಿನವೇ ಮೊದಲ ಪುಟದಲ್ಲಿ ನಿನ್ನ ನೆರವಿಗೆ ಕೃತಜ್ಞತೆ ಅಂತ ಒಂದು ಸಾಲು ಸೇರಿಸುತ್ತೇನೆ. ನೆರವು ಅನ್ನುವ ಮಾತು ಬರೆಯುವಾಗ ನನಗೇ ನಾಚಿಕೆಯಾಯಿತು, ಆದರೂ ಹೊಡೆದು ಹಾಕಿಲ್ಲ. ಒಂದು ಮಾತು ನೆನಪಿಡು. ಇವಳು ನನ್ನ ಅಕ್ಕ ಅಂತ ಕಂಪನಿಗೆ ಒಂದೇ ಸಾಲು ಬರೆದಿದ್ದರೆ ಅವರೇ ನಿನ್ನ ರಿವ್ಯೂ ಅಳಿಸುತ್ತಿದ್ದರು. ನಾನು ಬರೆದಿಲ್ಲ. ಒಡಹುಟ್ಟಿದವಳ ಮೇಲೆ ದೂರು ಕೊಡುವಷ್ಟು ಕೆಳಗೆ ನಾನು ಇಳಿದಿಲ್ಲ.

ಆರೋಗ್ಯ ನೋಡಿಕೋ. ಬೆನ್ನುನೋವು ಹೇಗಿದೆ? ಅಮ್ಮನನ್ನು ಎತ್ತಿ ಎತ್ತಿ ಬಂದದ್ದು ಅದು, ಪುಸ್ತಕದಲ್ಲಿ ಅದನ್ನೂ ನನಗೇ ಹಾಕಿಕೊಂಡಿದ್ದೇನೆ.

ಇಂತಿ,
ಹಣ್ಣಿನ ಚೀಲದ ನಿನ್ನ ತಂಗಿ

ತಾ.ಕ.: ಲಕೋಟೆಗೆ ಗೋಂದು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದು ಸುಳ್ಳು. ಗುರುವಾರವೇ ಕಂಪನಿಗೆ ದೂರು ಕೊಟ್ಟಿದ್ದೆ. ಸಂಬಂಧ ಅನ್ನುವ ಕಡೆ ‘ಸ್ವಂತ ಅಕ್ಕ’ ಎಂದು ತುಂಬಿದ್ದೆ. ಮರುದಿನವೇ ಉತ್ತರ ಬಂತು. ತಾಯಿಗೆ ಒಬ್ಬಳೇ ಮಗಳು ಎಂದು ಲೇಖಕಿಯೇ ತಮ್ಮ ನಿಜ ಕಥೆಯ ಪರಿಚಯದಲ್ಲಿ ಹೇಳಿಕೊಂಡಿದ್ದಾರೆ, ಆದ್ದರಿಂದ ಅಕ್ಕ ಇದ್ದಾರೆ ಎಂಬುದನ್ನು ಒಪ್ಪಲಾಗುವುದಿಲ್ಲ, ರಿವ್ಯೂ ಹಾಗೆಯೇ ಉಳಿಯುತ್ತದೆ ಅಂತ. ಬೇರೆ ಪುರಾವೆ ಇದ್ದರೆ ಕಳಿಸಬಹುದಂತೆ. ಮೂವರೂ ಇರುವ ಫೋಟೋ ಈಗ ನಿನ್ನ ಹತ್ತಿರ ಮಾತ್ರ ಇದೆ, ಅಕ್ಕಾ. ನನ್ನ ಹತ್ತಿರ ಇರುವುದರಲ್ಲಿ ನಿನ್ನದು ಒಂದು ಕೈ ಅಷ್ಟೇ. ಅದನ್ನು ಕಳಿಸಿ ನೋಡಿದೆ, ಸಾಲದಂತೆ.