ನಾಗವೇಣಿಯ ತಲೆಯಲ್ಲಿ ಏನಿದೆ?

ಜನವರಿ ೧೭, ಶನಿವಾರ, ಮಧ್ಯಾಹ್ನ

ಮೂರು ಬಿಲ್ಡಿಂಗ್ ಹತ್ತಿ ಇಳಿದದ್ದಾಯಿತು. ಮೊಣಕಾಲು ಸಾಕು ಅನ್ನುತ್ತಿದೆ. ಇಲ್ಲಿಯ ನಮ್ಮೂರವರ ಸಂಘದ ಮಹಿಳಾ ವಿಭಾಗದವಳೆಂದು ನಗರಪಾಲಿಕೆ ಚುನಾವಣೆಯ ಪ್ರಚಾರಕ್ಕೆ ನನ್ನನ್ನೂ ಎಳೆದಿದ್ದಾರೆ. ನಮ್ಮ ಡೊಂಬಿವಲಿ ವಾರ್ಡು ಈ ಸಲ ಮಹಿಳೆಯರಿಗೆ ರಿಸರ್ವ್. ಟಿಕೆಟ್ಟಿಗಾಗಿ ವರ್ಷಗಟ್ಟಲೆ ಓಡಾಡಿದ ಹೋಟೆಲ್ ದಯಾನಂದ ಈಗ ಹೆಂಡತಿ ನಾಗವೇಣಿಯನ್ನು ನಿಲ್ಲಿಸಿದ್ದಾನೆ.

ಒಂದು ಮನೆಯಲ್ಲಿ ಹುಡುಗಿಯೊಬ್ಬಳು ಕೇಳಿದಳು, "ಹೆಂಗಸರಿಗೆ ಏನು ಮಾಡ್ತೀರಿ?" ಬಾಯಿ ತೆರೆದದ್ದು ನಾಗವೇಣಿ, ಉತ್ತರ ದಯಾನಂದನದು. ಹೊಲಿಗೆ ಮಶೀನು, ಸಿಸಿಟಿವಿ, ಶೌಚಾಲಯ...

"ಅವಳೇ ಹೇಳಲಿ ಮಾರಾಯ," ಅಂದೆ.

"ಅವಳಿಗೆ ಗಂಟಲು ಸರಿ ಇಲ್ಲ ಅಕ್ಕ."

ಮೆಟ್ಟಿಲಲ್ಲಿ ನನ್ನ ಹತ್ತಿರ ಬಾಯಿ ತುಂಬ ಮಾತಾಡಿದವಳಿಗೆ! ಆ ತಲೆಯಲ್ಲಿ ಏನಿದೆಯೋ. ತಿಳಿಯದೆ ನನಗೆ ಅನ್ನ ಸೇರಲಿಕ್ಕಿಲ್ಲ.

ಅದೇ ದಿನ, ಸಂಜೆ

ವಿಶ್ರುತಾಳ ಫೋನು, ಅವಳ ನೆರೂಳಿನ ಮನೆಯಿಂದ. ಮುಂದಿನ ಭಾನುವಾರ ಸಂಘದ ಹಲ್ದಿಕುಂಕು, ಹೆಂಗಸರ ಅರಿಶಿನ-ಕುಂಕುಮ, ಅಂತ ಹೇಗೋ ಗೊತ್ತಾಗಿದೆ. "ಅಮ್ಮ, ಮೈ ಭೀ ಆವೂಂ ಕ್ಯಾ?"

ನಾನೂ ಬರಲಾ, ಅಂತ ಕೇಳುತ್ತಿದ್ದಾಳೆ. ಮಗನಾಗಿ ಹುಟ್ಟಿದವಳು, ಈಗ ಮಗಳು. ಮೂರು ವರ್ಷದಿಂದ ಈ ಮನೆಗೆ ಬಂದಿಲ್ಲ. ನಾವು ಗಂಡಹೆಂಡತಿಯೇ ಹೋಗಿ ನೋಡಿ ಬರುತ್ತೇವೆ. ಬಿಲ್ಡಿಂಗಿನವರಿಗೆ ಇನ್ನೂ "ರತ್ನಾವತಿಯ ಮಗ, ಅಲ್ಲೆಲ್ಲೋ ಕೆಲಸ".

ಕೇಳಿ ಹೇಳುತ್ತೇನೆ ಅಂದೆ. ಅಂದು ಕುಂಕುಮ ಹಚ್ಚುವವಳು ನಾಗವೇಣಿ. ಅವಳು ನನ್ನ ಮಗಳನ್ನು ದಾಟಿ ಮುಂದೆ ಹೋದರೆ? ಅದೊಂದನ್ನು ನನ್ನಿಂದ ನೋಡಲಾಗದು.

ಜನವರಿ ೧೯

ಪ್ರಚಾರದ ಕಚೇರಿಯಲ್ಲಿ ಚಹಾದ ಹೊತ್ತು. ಸುಮ್ಮನೆ ಕೇಳಿದ ಹಾಗೆ ಕೇಳಿದೆ: ಗಂಡಾಗಿ ಹುಟ್ಟಿ ಹೆಣ್ಣಾದವರ ಬಗ್ಗೆ ನಮ್ಮ ಕ್ಯಾಂಡಿಡೇಟ್ ಏನು ಹೇಳುತ್ತಾರೆ?

ದಯಾನಂದ ಕೈಮುಗಿದ. "ಅದೆಲ್ಲ ಈಗ ಬೇಡ ಅಕ್ಕ. ವೋಟ್ ಹೋಗ್ತದೆ. ಇವಳೂ ಅದೇ ಹೇಳ್ತಾಳೆ."

"ನಾನು ಯಾವಾಗ ಹೇಳಿದೆ?" ನಾಗವೇಣಿ. ಮೆಲ್ಲಗೆ.

ಅವನು ನಕ್ಕ. ಅವಳು ನಗಲಿಲ್ಲ.

ಜನವರಿ ೨೨

ಮಧ್ಯಾಹ್ನ ನಾಗವೇಣಿ ಒಬ್ಬಳೇ ಮನೆಗೆ ಬಂದಳು. ಕೂತವಳೇ, "ನಿಮ್ಮ ಮಗನ ವಿಷಯವಾ ಅಕ್ಕ, ಮೊನ್ನೆ ಕೇಳಿದ್ದು?"

ಹೇಳಿಬಿಟ್ಟೆ. ಎಲ್ಲ.

ಆಮೇಲೆ ಅವಳದ್ದೇ ಪ್ರಶ್ನೆ. ಸೀರೆ ಉಡುತ್ತಾಳಾ? ಆಪರೇಷನ್ ನೋವಾಯಿತಾ? ನೀವು ಎಷ್ಟು ಅತ್ತಿರಿ? ಟ್ರೇನಿನಲ್ಲಿ ಯಾವ ಡಬ್ಬ ಹತ್ತುತ್ತಾಳೆ?... ನನಗಿಂತ ಹೆಚ್ಚಿನ ಕುತೂಹಲದವಳು ಇವಳೊಬ್ಬಳು ಸಿಕ್ಕಿದಳು.

"ನೀನೇನು ಹೇಳ್ತೀ?"

"ಗೊತ್ತಿಲ್ಲ ಅಕ್ಕ. ಯೋಚಿಸಿಯೇ ಇಲ್ಲ. ನನ್ನ ಅಭಿಪ್ರಾಯ ಯಾರು ಕೇಳಿದ್ದಾರೆ?" ಆಮೇಲೆ ತಾನೇ ಲೆಕ್ಕ ಹಾಕಿದಳು. "ಮಕ್ಕಳಿಗೆ ತಾಯಿಯ ಬರಿ, ತಾಯಿಯ ಕುಲವೇ ಅಲ್ವಾ ನಮ್ಮಲ್ಲಿ. ಮಗನಾದರೆ ನಿಮ್ಮ ಬರಿ ಅವನಿಗೇ ಮುಗೀತಿತ್ತು. ಮಗಳಾದರೆ ಮುಂದೆ ಹೋಗ್ತದೆ..."

"ಅವಳಿಗೆ ಮಕ್ಕಳಾಗುವುದಿಲ್ಲ ಮಾರಾಯ್ತಿ."

"ನನಗೂ ಆಗಲಿಲ್ಲ," ಅಂದಳು.

ವಿಶ್ರುತಾಳನ್ನು ಕರೆಯಲಾ ಅಂತ ಕೇಳಿದೆ. "ಭಾನುವಾರ ನೋಡುವ." ಅಷ್ಟೇ. ರಾತ್ರಿ ನಮ್ಮ ಯಜಮಾನರಿಗೆ ಹೇಳಿದರೆ ಪೇಪರು ಮಡಚಿಟ್ಟು, "ನೀನು ಕರೆಸು. ಏನಾಗ್ತದೋ ಆಗಲಿ," ಅಂದರು.

ಜನವರಿ ೨೫, ಭಾನುವಾರ, ಸಂಜೆ ಏಳು

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಹಲ್ದಿಕುಂಕುವಿಗೆ ವಿಶ್ರುತಾ ಹಸಿರು ಸೀರೆಯಲ್ಲಿ ಬಂದಳು. ಕೊನೆಯ ಸಾಲು, ನನ್ನ ಪಕ್ಕ. ಮುಂದಿನವರು ತಿರುಗಿ ತಿರುಗಿ ನೋಡಿದರು. ನಾಗವೇಣಿ ಒಬ್ಬೊಬ್ಬರಿಗೇ ಹಚ್ಚುತ್ತ ಬಂದಳು, ಹಿಂದೆಯೇ ಮೊಬೈಲಿನಲ್ಲಿ ವೀಡಿಯೋ ತೆಗೆಯುತ್ತ ದಯಾನಂದ. ನಮ್ಮ ಮುಂದೆ ನಿಂತಳು.

"ನಾಗವೇಣಿ, ಭಾಷಣಕ್ಕೆ ಹೊತ್ತಾಯ್ತು, ಬಾ," ಅಂದ ದಯಾನಂದ.

ಅವಳು ತಿರುಗಲಿಲ್ಲ. ವಿಶ್ರುತಾಳ ಹಣೆಗೆ ಹಚ್ಚಿದಳು. ಆಮೇಲೆ ಕುಂಕುಮದ ತಟ್ಟೆ ಅವಳ ಕೈಗೇ ಕೊಟ್ಟು, ತನ್ನ ಹಣೆ ಮುಂದೆ ಚಾಚಿದಳು. "ಈಗ ನೀನು ನನಗೆ ಹಚ್ಚಮ್ಮ."

ಮಗಳಿಗೆ ಯಾವ ಬೆರಳೆಂದು ಗೊತ್ತಿಲ್ಲ. ಅರ್ಧ ಕುಂಕುಮ ನಾಗವೇಣಿಯ ಮೂಗಿನ ಮೇಲೆ. ಇಬ್ಬರೂ ನಕ್ಕರು. ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಈಗ ನೋಡಿದರೆ ಆ ವೀಡಿಯೋ ಬಿಲ್ಡಿಂಗಿನ ವಾಟ್ಸಪ್ ಗ್ರೂಪಿನಲ್ಲಿದೆ. ಹಾಕಿದ್ದು ದಯಾನಂದ ಅಲ್ಲ, ನಾಗವೇಣಿ. ಕೆಳಗೆ ಬರೆದಿದ್ದಾಳೆ: "ರತ್ನಾವತಿ ಅಕ್ಕನ ಮಗಳು." ಒಂದು ಮಾತು ಕೇಳಬಾರದಿತ್ತೇ! ವೋಟಿಗೆ ಹಾಕಿದಳೋ, ಮನಸಾರೆ ಹಾಕಿದಳೋ... ಸಿಟ್ಟೂ ಬರುತ್ತಿದೆ, ಆ ಮೂರು ಪದ ಮತ್ತೆ ಮತ್ತೆ ಓದುತ್ತಲೂ ಇದ್ದೇನೆ.

ವಿಶ್ರುತಾಳಿಗೆ ತೋರಿಸಿದೆ. "ಸಹೀ ತೋ ಲಿಖಾ ಹೈ, ಅಮ್ಮ." ಸರಿಯಾಗೇ ಬರೆದಿದ್ದಾಳಂತೆ.

ಬೆಲ್ ಆಯಿತು. ಹೊರಗೆ ಎದುರುಮನೆಯವರ ದನಿ, ಇನ್ನೂ ಯಾರೋ ಇದ್ದಾರೆ. ನಾನು ಏಳುವ ಮೊದಲೇ ಮಗಳು ಬಾಗಿಲ ಕಡೆ ಹೊರಟಿದ್ದಾಳೆ, ತಾನೇ ತೆರೆಯಲು.