ತೊಳೆದಿಟ್ಟ ಗ್ಲಾಸುಗಳು

ಅತ್ತೆ, ಸ್ತೋತ್ರ.

ನೀವೀಗ ಇರುವ ಕಡೆ ಈ ಮಾತು ಬೆಳಗಿನಿಂದ ಸಂಜೆವರೆಗೂ ಕಿವಿಗೆ ಬೀಳುತ್ತಲೇ ಇರುತ್ತದೇನೋ. ಆದರೂ ಭದ್ರಾವತಿಯಿಂದ ನಿಮ್ಮ ಸೊಸೆ ಹೇಳುವ ಸ್ತೋತ್ರ ಬೇರೆ ಅಲ್ಲವೇ? ನೀವು ಹೋಗಿ ಹತ್ತು ತಿಂಗಳಾಯಿತು. ನಿಮ್ಮ ಮಗ ಚೆನ್ನಾಗಿದ್ದಾರೆ. ನಿಮ್ಮ ಕನ್ನಡಕವನ್ನು ಟಿ.ವಿ. ಪಕ್ಕದಿಂದ ತೆಗೆಯಲು ಇನ್ನೂ ಬಿಟ್ಟಿಲ್ಲ. ನಾನು ಈಗ ಬರೆಯಲು ಕೂತದ್ದು ಶೀಲಾ ವಿಷಯಕ್ಕೆ. ತಂಗಿಯ ಹೆಸರು ಬಂದರೆ ಸಾಕು, ಒಲೆ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಎದ್ದು ಹೋಗುತ್ತಿದ್ದೆನಲ್ಲ, ಈಗ ನಾನೇ ಅವಳ ಹೆಸರು ತೆಗೆಯುತ್ತಿದ್ದೇನೆ ನೋಡಿ.

ಆವತ್ತು ಶಿವಮೊಗ್ಗದ ಆಲ್ಕೊಳದಿಂದ ಅವಳ ಫೋನ್ ಬಂದಾಗ ನೀವು ಹಾಲ್‌ನಲ್ಲಿ ಅವರೆಕಾಯಿ ಬಿಡಿಸುತ್ತಿದ್ದಿರಿ. ಅವಳ ಗಂಡ ಜಗಳ ಮಾಡಿಕೊಂಡು ಕುಂಸಿಯ ಅಣ್ಣನ ಮನೆಗೆ ಹೋಗಿ ಮೂರು ವಾರವಾಗಿತ್ತು. ಅತ್ತೂ ಅತ್ತೂ, "ಯಾರಿಗೂ ಹೇಳ್ಬೇಡ ಅಕ್ಕಾ" ಅಂದಳು. ನಾನು ಯಾರಿಗೂ ಹೇಳಲಿಲ್ಲ ಅತ್ತೆ. ಬುಧವಾರದ ಮನೆಪ್ರಾರ್ಥನೆಯಲ್ಲಿ ನಮ್ಮ ಚರ್ಚಿನ ಅಯ್ಯನವರು "ಪ್ರಾರ್ಥನೆ ವಿಷಯ ಏನಾದ್ರೂ ಇದೆಯಾ?" ಅಂದಾಗ ಕಣ್ಣು ಮುಚ್ಚಿಕೊಂಡು, ಗಂಡನ ಹೆಸರು, ಊರ ಹೆಸರು, ಎಷ್ಟು ವಾರವಾಯಿತು ಎಂಬುದರ ಸಮೇತ ನನ್ನ ತಂಗಿಯನ್ನು ದೇವರ ಮುಂದೆ ಇಟ್ಟೆ. ದೇವರ ಜೊತೆಗೆ ಹದಿನಾಲ್ಕು ಜನ ಕೇಳಿಸಿಕೊಂಡರು. ದೇವರಿಗೆ ಕುಂಸಿಯ ವಿಳಾಸ ಬೇಕಿತ್ತೇ? ಆಗ ಈ ಪ್ರಶ್ನೆ ನನ್ನ ತಲೆಗೇ ಬರಲಿಲ್ಲ.

ಮುಂದೆ ಆದದ್ದನ್ನು ನಿಮಗೆ ಪೂರ್ತಿ ಹೇಳಿರಲಿಲ್ಲ. ಶಿವಮೊಗ್ಗದ ತರಕಾರಿ ಮಾರ್ಕೆಟ್ಟಿನಲ್ಲಿ ಶೀಲಾ ಬದನೆಕಾಯಿ ಆರಿಸುತ್ತಿದ್ದಳಂತೆ. ನಮ್ಮ ಸಭೆಯ ಆಂಟಿಯೊಬ್ಬರು ಹೋಗಿ ಕೈ ಹಿಡಿದುಕೊಂಡು, "ನಿಮ್ಮೆಜಮಾನ್ರು ಕುಂಸಿಯಿಂದ ವಾಪಸ್ ಬಂದ್ರಾಮ್ಮಾ? ನಾವೆಲ್ಲ ದಿನಾ ಪ್ರಾರ್ಥನೆ ಮಾಡ್ತಿದೀವಿ" ಅಂದರಂತೆ. ಯಜಮಾನರು ಬಂದು ಹದಿನೈದು ದಿನವಾಗಿತ್ತು. ಚೀಲ ಹಿಡಿದುಕೊಂಡು ಅವಳ ಪಕ್ಕದಲ್ಲೇ ನಿಂತಿದ್ದರು.

ಆ ಸಂಜೆ ಅವಳು ಫೋನ್‌ನಲ್ಲಿ ಕೂಗಾಡಲಿಲ್ಲ. "ದೇವ್ರಿಗೆ ಹೇಳ್ಕೊಳೋಕೆ ನಂಗೂ ಬಾಯಿದೆ ಅಕ್ಕಾ. ನಿಂಗೆ ಹೇಳಿದ್ದು ನೀನು ಅಕ್ಕ ಅಂತ" ಅಂದಳು. ನಾನು ತಗ್ಗುತ್ತೇನೆಯೇ? "ಪ್ರಾರ್ಥನೆ ಮಾಡ್ಸಿದ್ದೂ ತಪ್ಪಾ? ಅದಕ್ಕೇ ತಾನೆ ಅವ್ರು ವಾಪಸ್ ಬಂದಿದ್ದು" ಅಂದೆ. ಅವಳು ಫೋನ್ ಇಟ್ಟಳು. ಮೂರು ವರ್ಷ ಮತ್ತೆ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಅದಾದ ಮೇಲಿನ ಕರ್ತನ ಭೋಜನದ ಭಾನುವಾರ ನಿಮಗೆ ನೆನಪಿದೆಯೇ? ಒಡಹುಟ್ಟಿದವರ ಮೇಲೆ ಮುನಿಸು ಇಟ್ಟುಕೊಂಡು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಆಲ್ಟರ್ ಮುಂದೆ ಮಂಡಿಯೂರಬಾರದು ಅಂತ ಕಲಿಸಿದವರು ನೀವು. ಬೆಂಚಿನಲ್ಲೇ ಕೂತರೆ ಸಭೆಯೆಲ್ಲ ನೋಡುತ್ತದೆ, ಹೋಗಿ ಮಂಡಿಯೂರಿದರೆ ದೇವರು ನೋಡುತ್ತಾರೆ. ಅದಕ್ಕೆ ಮೂರನೇ ದಾರಿ ಹುಡುಕಿದೆ. ದ್ರಾಕ್ಷಾರಸದ ಪುಟ್ಟ ಗ್ಲಾಸುಗಳನ್ನು ಆಲ್ಟರ್ ಪಕ್ಕದ ಕೋಣೆಯಲ್ಲಿ, ವೆಸ್ಟ್ರಿಯಲ್ಲಿ, ತೊಳೆಯುವುದು ನಿಮ್ಮ ಕೆಲಸವಾಗಿತ್ತಲ್ಲ, "ನಿಮ್ಗೆ ಮಂಡಿ ನೋವು, ನೀವು ಹೋಗಿ ಕೂತ್ಕೊಳಿ, ನಾನು ನೋಡ್ಕೋತೀನಿ" ಅಂತ ಸೆರಗು ಸಿಕ್ಕಿಸಿ ನಿಂತುಬಿಟ್ಟೆ. ಅಲ್ಲಿಂದ ಪ್ರತಿ ಭೋಜನದ ಭಾನುವಾರವೂ ಅದೇ. ಟ್ರೇ ಬರುತ್ತಿತ್ತು, ತೊಳೆಯುತ್ತಿದ್ದೆ, ಒರೆಸಿ ಮತ್ತೆ ಕಳಿಸುತ್ತಿದ್ದೆ. ಮುಗಿಯುವ ಹೊತ್ತಿಗೆ ಆಶೀರ್ವಾದವೂ ಮುಗಿದಿರುತ್ತಿತ್ತು. ಜಯಮ್ಮನ ಸೇವೆ ನೋಡಿ ಕಲಿಯಬೇಕು ಅಂತ ಜನ ಹೊಗಳಿದರು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿಯೇ ಇತ್ತು.

ನಿಮ್ಮ ಕಣ್ಣು ಮಾತ್ರ ತಪ್ಪಿಸಲಾಗಲಿಲ್ಲ. ಒಂದು ಭಾನುವಾರ ವೆಸ್ಟ್ರಿಯ ಬಾಗಿಲಿಗೆ ಒರಗಿ ನಿಂತು, "ತೊಳ್ದಿದ್ದು ಸಾಕು ಮಾರಾಯ್ತಿ. ಅದ್ರಲ್ಲಿ ಕುಡಿಯೋದು ಯಾವಾಗ?" ಅಂದಿರಿ. ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ನಿಮಗೆ ಊಟ ಬಡಿಸಿದೆನೇ ಹೊರತು ಮಾತಾಡಲಿಲ್ಲ. ಮೂರನೇ ದಿನ ನೀವೇ ಕಾಫಿ ಮಾಡಿ ತಂದು, "ಮುಖ ಊದಿಸ್ಕೊಂಡ್ರೆ ಬಿಸಿ ಕಾಫಿ ಇಳಿಯಲ್ಲ, ನಗು ಸ್ವಲ್ಪ" ಅಂದಿರಿ. ನಕ್ಕೆ. ಆವತ್ತೇ ನಿಮ್ಮ ಪಕ್ಕ ಕೂತು ಎಲ್ಲ ಹೇಳಿಬಿಡಬೇಕಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ, ಅಷ್ಟರಲ್ಲಿ ನೀವು…

ನಿಮ್ಮನ್ನು ಮಣ್ಣು ಮಾಡಿದ ದಿನ ಶೀಲಾ ಬಂದಿದ್ದಳು. ಒಂದು ಹಿಡಿ ಮಣ್ಣು ಹಾಕಿ ನನ್ನ ಹಿಂದೆಯೇ ನಿಂತಳು. ನಾನು ತಿರುಗಲಿಲ್ಲ. ಸರಿಯಾಗಿಯೇ ಇದ್ದ ಹೂವಿನ ಹಾರವನ್ನು ಮತ್ತೆ ಮತ್ತೆ ಸರಿಮಾಡುತ್ತಾ ನಿಂತೆ.

ಕಳೆದ ತಿಂಗಳು ಅಯ್ಯನವರು ಸಭೆಯ ಮುಂದೆ ಒಂದು ಪ್ರಕಟಣೆ ಓದಿದರು. ದೇವಾಲಯದ ವಾರ್ಷಿಕೋತ್ಸವದಲ್ಲಿ, ವೆಸ್ಟ್ರಿಯಲ್ಲಿ ಮೌನವಾಗಿ ಸೇವೆ ಮಾಡುವ ಜಯಮ್ಮನವರಿಗೆ ಶಾಲು ಹೊದಿಸುತ್ತಾರಂತೆ. ಎಲ್ಲರೂ ತಿರುಗಿ ನೋಡಿ ನಕ್ಕರು. ಜೀವಮಾನವಿಡೀ ತೊಳೆದವರು ನೀವು, ಶಾಲು ನನಗೆ! ಅದೂ ಯಾತಕ್ಕೆ? ದೇವರಿಂದ ಬಚ್ಚಿಟ್ಟುಕೊಂಡದ್ದಕ್ಕೆ. ನಾಚಿಕೆಯಲ್ಲಿ ಕಿವಿ ಕಾದುಹೋಯಿತು. ನಿಮ್ಮ ಮಾತು ಆಗ ಅರ್ಥವಾಯಿತು ಅತ್ತೆ, ತಡವಾಗಿ.

ಮಾರನೇ ದಿನ, ಸೋಮವಾರ ಬೆಳಗ್ಗೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡಿದ್ದೆ. ಆಲ್ಕೊಳ ಸರ್ಕಲ್‌ನಲ್ಲಿ ಇಳಿದಾಗ ವಾಪಸ್ ಹೋಗಿಬಿಡೋಣ ಅನ್ನಿಸಿದ್ದೂ ನಿಜ. ಶೀಲಾ ಬಾಗಿಲು ತೆರೆದಳು. "ದೇವ್ರು ನನ್ನ ಹೃದಯದಲ್ಲಿ ಮಾತಾಡಿದ್ರು…" ಅಂತ ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು. "ದೇವ್ರನ್ನ ಆಮೇಲೆ ಕರಿ. ಮೊದ್ಲು ನೀನು ಹೇಳು."

ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. "ನೀನು ನಂಬಿ ಹೇಳಿದ್ದನ್ನ ಎಲ್ರ ಮುಂದೆ ಹೇಳ್ದೆ. ನಾನೇ ದೊಡ್ಡ ಭಕ್ತೆ ಅನ್ನಿಸ್ಕೋಬೇಕಿತ್ತು ಕಣೇ. ತಪ್ಪಾಯ್ತು" ಅಂದೆ. ಅವಳು ತಬ್ಬಿಕೊಳ್ಳಲಿಲ್ಲ. "ಕ್ಷಮಿಸಿದೀನಿ ಅಂತ ಈಗ್ಲೇ ಹೇಳೋಕೆ ಬರಲ್ಲ ಅಕ್ಕಾ. ಒಳಗೆ ಬಾ. ಉಪ್ಪಿಟ್ಟಿದೆ, ತಿನ್ನು" ಅಂದಳು. ಉಪ್ಪಿಟ್ಟು ತಣ್ಣಗಾಗಿತ್ತು. ಎರಡು ಸಲ ಹಾಕಿಸಿಕೊಂಡು ತಿಂದೆ.

ಶಾಲು ಬೇಡ ಅಂತ ಅಯ್ಯನವರಿಗೆ ಹೇಳಿದೆ, ಯಾಕೆ ಬೇಡ ಅಂತಲೂ ಹೇಳಿದೆ. ಈ ತಿಂಗಳ ಭೋಜನದ ದಿನ ಮೊದಲ ಸಾಲಿನಲ್ಲೇ ಹೋಗಿ ಮಂಡಿಯೂರಿದೆ. ಅಳು ಬಂತು, ಕರ್ಚೀಫು ತಂದಿರಲಿಲ್ಲ, ಸೆರಗಿನಲ್ಲೇ ಮೂಗು ಒರೆಸಿಕೊಂಡೆ, ನೀವಿದ್ದಿದ್ದರೆ ಬೈಯುತ್ತಿದ್ದಿರಿ. ಆಮೇಲೆ ವೆಸ್ಟ್ರಿಗೆ ಹೋಗಿ ಗ್ಲಾಸು ತೊಳೆದೆ. ನಾನು ಕುಡಿದದ್ದೂ ಅವುಗಳಲ್ಲಿ ಒಂದಾಗಿತ್ತು.

ಇನ್ನೊಂದು ಸಮಾಚಾರವಿದೆ. ಹೋದ ಮಂಗಳವಾರ ಶೀಲಾ ತಾನಾಗಿಯೇ ಫೋನ್ ಮಾಡಿದಳು. ಅರ್ಧ ಗಂಟೆ ಮಾತಾಡಿ, ಕೊನೆಗೆ ದನಿ ತಗ್ಗಿಸಿ, ಮನಸ್ಸಿನಲ್ಲಿದ್ದದ್ದೊಂದನ್ನು ಹೇಳಿದಳು. ಈ ಸಲ "ಯಾರಿಗೂ ಹೇಳ್ಬೇಡ" ಅನ್ನಲಿಲ್ಲ. ಮಾರನೇ ದಿನ ಮನೆಪ್ರಾರ್ಥನೆಯಲ್ಲಿ ಅಯ್ಯನವರು ಎಂದಿನಂತೆ ವಿಷಯ ಕೇಳಿದಾಗ, "ನನ್ನ ನಾಲಿಗೆಗೋಸ್ಕರ ಪ್ರಾರ್ಥನೆ ಮಾಡಿ" ಅಂದು ಕಣ್ಣು ಮುಚ್ಚಿಕೊಂಡೆ.

ಅವಳು ಏನು ಹೇಳಿದಳು ಅಂತ ಕೇಳಬೇಡಿ ಅತ್ತೆ. ನಿಮಗೂ ಹೇಳುವುದಿಲ್ಲ.

ನಿಮ್ಮ ಸೊಸೆ,
ಜಯಾ