ಚೂಪಾಗಬೇಕಿದ್ದ ಹನಿ

ಮೇಲಂಕೋಲೆ
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಅರವತ್ತನಾಲ್ಕು

ಹನಿಯ ಲೆಕ್ಕ ಬರೆಯುತ್ತಿರುವ ನಿಮಗೆ,

ನಿಮ್ಮ ಫೆಬ್ರವರಿಯಲ್ಲಿ ಮೂವತ್ತನೇ ತಾರೀಖು ಇಲ್ಲವೆಂದು ಬಲ್ಲೆ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಹೊನ್ನಿ. ಕಡಲು ಏರಿ ಹಳೆಯ ಅಂಕೋಲೆಯನ್ನು ನುಂಗಿದ ಮೇಲೆ ನಮ್ಮವರು ಗುಡ್ಡದ ಮೇಲೆ ಕಟ್ಟಿಕೊಂಡ ಊರಿದು. ತೋಡಿದ ಬಾವಿಗಳೆಲ್ಲ ಉಪ್ಪು. ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಬೇಸಿಗೆ ಕಾಲಿಡುವ ಮೊದಲೇ ತಳ ಮುಟ್ಟುತ್ತದೆ. ಆಮೇಲೆ ನಾವು ಕುಡಿಯುವುದು ಮಂಜುಬಲೆಯ ನೀರು. ಗುಡ್ಡದ ಅಂಚಿನಲ್ಲಿ ಎರಡು ತಂತಿಬಲೆಗಳನ್ನು ಎದುರುಬದುರು ಕಟ್ಟಿ, ನಡುವೆ ಭಾರಿ ವೋಲ್ಟೇಜು ಕೊಡುತ್ತೇವೆ. ಕಡಲಿನಿಂದ ಏರಿಬರುವ ಮಂಜಿನ ಹನಿಗಳು ಆ ವಿದ್ಯುತ್ ಕ್ಷೇತ್ರದಲ್ಲಿ ಉದ್ದುದ್ದವಾಗಿ ಎಳೆದುಕೊಂಡು, ಒಂದಕ್ಕೊಂದು ಅಂಟಿ, ದಪ್ಪಗಾಗಿ ಕೆಳಗಿನ ತೊಟ್ಟಿಗೆ ಬೀಳುತ್ತವೆ. ಬೆಳಿಗ್ಗೆ ಕೊಡ ಹಿಡಿದು ಸಾಲಿನಲ್ಲಿ ನಿಂತವರು ಮೊದಲು ನೋಡುವುದು ಆಕಾಶವನ್ನಲ್ಲ, ಕಡಲ ಮೇಲಿನ ಬಿಳುಪನ್ನು. ಅದು ತೆಳ್ಳಗಿದ್ದರೆ ಅಂದು ಅನ್ನಕ್ಕೆ ನೀರುಂಟು, ಸ್ನಾನಕ್ಕಿಲ್ಲ.

ಊರು ಬೆಳೆಯಿತು, ನೀರು ಸಾಲದಾಯಿತು. ಊರಸಭೆಯ ಮುಖ್ಯಸ್ಥರಾದ ಬೊಮ್ಮಯ್ಯ ನಾಯಕರು ಎರಡು ಪಟ್ಟು ವೋಲ್ಟೇಜಿನ ಹೊಸ ಬಲೆ ಕಟ್ಟಿಸಲು ಹೊರಟರು. ಲೆಕ್ಕ ಹಾಕಿದ್ದು ಹನಿಗಣಕದಲ್ಲಿ. ಕ್ಷೇತ್ರದೊಳಗೆ ಹನಿ ಹೇಗೆ ಆಕಾರ ಬದಲಿಸುತ್ತದೆಂದು ಪರದೆಯ ಮೇಲೆ ತೋರಿಸುವ ಪ್ರೋಗ್ರಾಮಿಗೆ ನಾವಿಟ್ಟ ಹೆಸರು ಅದು. ಅದರ ಬೇರು ನಿಮ್ಮ ಕಾಲದ್ದು, ನೀವು ಬರೆದದ್ದು. ಪರದೆಯಲ್ಲಿ ಹನಿ ಮೊಟ್ಟೆಯಂತಾಯಿತು, ಭತ್ತದ ಕಾಳಿನಂತಾಯಿತು, ಹಾಗೇ ಸುಖವಾಗಿ ನಿಂತಿತು. ಎಲ್ಲರೂ ತಲೆದೂಗಿದರು.

ನನ್ನ ಅಕ್ಕ ಮಂಗಳಿ ಮಾತ್ರ ಒಪ್ಪಲಿಲ್ಲ. ಬಲೆಯ ಎಂಜಿನಿಯರ್ ಅವಳೇ. ಮಂಜಿನ ನೀರಿನದೇ ಒಂದು ಹನಿಯನ್ನು ಎರಡು ತಗಡುಗಳ ನಡುವೆ ಇಟ್ಟು ಹೊಸ ಬಲೆಯಷ್ಟೇ ಬಲದ ಕ್ಷೇತ್ರ ಕೊಟ್ಟಳು. ನಿಜವಾದ ಹನಿ ಕಾಳಿನ ಆಕಾರದಲ್ಲಿ ನಿಲ್ಲಲಿಲ್ಲ. ಎರಡೂ ತುದಿ ಮುಳ್ಳಿನಂತೆ ಚೂಪಾದವು, ಆ ಮುಳ್ಳಿನಿಂದ ಸಣ್ಣ ತುಂತುರು ಚಿಮ್ಮಿತು, ಹಿಂದೆಯೇ ಕಿಡಿ ಹಾರಿತು. ಅವಳು ಸಭೆಗೆ ಹೋಗಿ ಇದನ್ನೆಲ್ಲ ವಿವರಿಸಿದಳು.

ಬೊಮ್ಮಯ್ಯನವರು ಕೆಟ್ಟವರಲ್ಲ. ಬಾಯಾರಿದ ಊರು ಅವರ ಬಾಗಿಲಲ್ಲಿ ಕೂತಿತ್ತು. "ಇನ್ನೂರು ವರ್ಷದಿಂದ ತಪ್ಪದ ಲೆಕ್ಕ ಇದು, ಮಂಗಳಿ," ಎಂದರು. "ನಿನ್ನ ಒಂದು ಹನಿಯನ್ನು ನಂಬಿ ಊರಿಗೆ ನೀರಿಲ್ಲ ಅನ್ನಲಾ?"

ಬಲೆ ಚಾಲೂ ಮಾಡಿದ ದಿನ, ತಡೆಯಲಾಗದಿದ್ದರೆ ಆರಿಸುವುದಕ್ಕಾದರೂ ಇರುತ್ತೇನೆಂದು ಅಕ್ಕ ಮುಖ್ಯ ಸ್ವಿಚ್ಚಿನ ಬಳಿ ಹೋಗಿ ನಿಂತಳು. ಮಂಜು ಒಳಹೊಕ್ಕಿತು. ಬಲೆಯ ತುಂಬ ತುಂತುರು ಎದ್ದಿತು, ಅದರ ದಾರಿ ಹಿಡಿದು ಬೆಂಕಿಯ ಹಗ್ಗದಂಥ ಕಿಡಿ ಆ ಬಲೆಯಿಂದ ಈ ಬಲೆಗೆ ಹಾರಿತು. ತೊಟ್ಟಿಯ ಮೇಲಿದ್ದ ಕಾವಲುಗಾರ ಸುಕ್ರು ಅಲ್ಲೇ ಸತ್ತ. ಮುಖಕ್ಕೇ ಕಿಡಿ ಹಾರಿದರೂ ಅಕ್ಕ ಕೈ ತೆಗೆಯದೆ ಸ್ವಿಚ್ಚು ಎಳೆದಳು. ಸಾಲಿನಲ್ಲಿ ನಿಂತಿದ್ದ ನಾವೆಲ್ಲ ಅದರಿಂದ ಬದುಕಿದೆವು. ಅವಳ ಎರಡು ಕಣ್ಣೂ ಹೋದವು.

ಬೊಮ್ಮಯ್ಯನವರು ಆಸ್ಪತ್ರೆಗೆ ಬಂದು ಮಂಚದ ಪಕ್ಕ ಅಳುತ್ತಾ ನಿಂತರು. ಇಲ್ಲಿ ಅತ್ತು ಪ್ರಯೋಜನವಿಲ್ಲ, ಸುಕ್ರುವಿನ ಮನೆಗೆ ಹೋಗಿ ಎಂದಳು ಅಕ್ಕ. ಅವರು ಹೋದ ಮೇಲೆ ನನ್ನ ಕೈ ಹಿಡಿದು ಕೇಳಿದಳು: "ತಂಗೀ, ಪರದೆಯ ಹನಿ ಯಾಕೆ ಚೂಪಾಗಲಿಲ್ಲ? ನನಗೆ ಓದಿ ಹೇಳು."

ಹನಿಗಣಕದ ಒಂದೊಂದೇ ಸಾಲನ್ನು ಅವಳಿಗೆ ಓದಿ ಹೇಳುತ್ತಾ ಹೋದೆ. ಹೊಸಬರು ಸೇರಿಸಿದ ಪದರಗಳನ್ನೆಲ್ಲ ದಾಟಿದಾಗ ನಿಮ್ಮ ಸಾಲು ಸಿಕ್ಕಿತು. ತುದಿ ಚೂಪಾಗತೊಡಗಿದರೆ ಲೆಕ್ಕ ಮುಗ್ಗರಿಸಿ ನಿಲ್ಲುತ್ತಿತ್ತು. ಅದು ನಿಲ್ಲಬಾರದೆಂದು ನೀವು ತುದಿಯನ್ನು ಉಜ್ಜಿ ದುಂಡು ಮಾಡಿದಿರಿ. ಆಮೇಲೆ ಅದು ಎಲ್ಲೂ ನಿಲ್ಲಲಿಲ್ಲ. ಚಿತ್ರಗಳು ಚೆಂದ ಬಂದವು, ಪ್ರಬಂಧ ಅಚ್ಚಾಯಿತು, ನಿಮಗೆ ಚಪ್ಪಾಳೆಯೂ ಬಿದ್ದಿರಬೇಕು. ಹಳೆಯ ಬಲೆಗಳ ಕಡಿಮೆ ವೋಲ್ಟೇಜಿನಲ್ಲಿ ಹನಿ ಚೂಪಾಗುವ ಹಂತಕ್ಕೆ ಹೋಗುತ್ತಲೇ ಇರಲಿಲ್ಲ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಿಮಗೆ ಗೊತ್ತಿತ್ತು. ಲೆಕ್ಕ ಕುರುಡಾಗುವ ಜಾಗ ನಿಮಗೊಬ್ಬರಿಗೇ ಗೊತ್ತಿತ್ತು, ಅದರ ಮೇಲೆ ಬಣ್ಣ ಬಳಿದಿರಿ. ಸುಕ್ರುವಿನ ಹೆಂಡತಿ ಈಗಲೂ ತೊಟ್ಟಿಯ ಹತ್ತಿರ ಸುಳಿಯುವುದಿಲ್ಲ, ಅವಳ ಕೊಡವನ್ನು ನಾನೇ ತುಂಬಿಕೊಡುತ್ತೇನೆ.

ಆ ಸಾಲನ್ನು ನಾನೂ ಅಕ್ಕನೂ ಕಿತ್ತು ಹಾಕಿದೆವು. ನಮ್ಮ ಹನಿಗಣಕ ಈಗ ತನಗೆ ತಿಳಿಯದ ಕಡೆ ನಿಲ್ಲುತ್ತದೆ. ಬಲೆಯನ್ನು ಹಳೆಯ ವೋಲ್ಟೇಜಿಗೇ ಇಳಿಸಿದ್ದೇವೆ. ನೀರು ಕಡಿಮೆ, ಸಾಲಿನಲ್ಲಿ ಗೊಣಗಾಟ ಹೆಚ್ಚು. ಗೊಣಗುವುದಕ್ಕೆ ಜನ ಉಳಿದಿದ್ದಾರೆ.

ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಿಮ್ಮ ಪರದೆಯ ಹನಿ ಚೂಪಾಗತೊಡಗಿರಬಹುದು, ಪ್ರೋಗ್ರಾಮು ನಿಂತಿರಬಹುದು. ನಿಮಗೆ ದಣಿವಾಗಿದೆ, ಕೆಲಸ ಬೇಗ ಮುಗಿಸಬೇಕಾಗಿದೆ. ಕೀಲಿಮಣೆಯಿಂದ ಕೈ ತೆಗೆಯಿರಿ. 'ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ' ಎಂದು ಬರೆದು, ನಿಮ್ಮ ಹೆಸರು ಹಾಕಿ, ಎದ್ದು ಮನೆಗೆ ಹೋಗಿ.

ಹೊನ್ನಿ